ಫೋಟೋಗಳಿಂದ ಅಳೆದ ಕೊರಕಲಿನ ನಡುಭಾಗ 11 ಸೆಂಟಿಮೀಟರ್ ಉಬ್ಬಿದೆ: ಇದು ಮಣ್ಣೋ, ಅಳತೆಯ ದೋಷವೋ?

ಮುರಕಲ್ಲು

ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನ ಮುರಕಲ್ಲಿನ ಗುಡ್ಡವೊಂದರ ಇಳಿಜಾರಿನಲ್ಲಿ ಮಳೆನೀರು ಕೊರೆದಿರುವ ಕೊರಕಲೊಂದನ್ನು ನನ್ನ ಸಂಶೋಧನೆಗಾಗಿ ಅಳೆಯುತ್ತಿದ್ದೇನೆ. ಅದರ ಉದ್ದ ಸುಮಾರು 40 ಮೀಟರ್, ಸರಾಸರಿ ಅಗಲ 2 ಮೀಟರ್, ಅತಿ ಆಳವಾದ ಕಡೆ ಒಂದೂವರೆ ಮೀಟರ್. ಮುಂಗಾರಿಗೆ ಮುಂಚೆ ಮೇ ತಿಂಗಳಲ್ಲೊಮ್ಮೆ, ಮಳೆ ನಿಂತ ಮೇಲೆ ನವೆಂಬರಿನಲ್ಲೊಮ್ಮೆ ಫೋಟೋಗಳನ್ನು ತೆಗೆದು, ಅವುಗಳಿಂದ ಮೂರು ಆಯಾಮದ ಮಾದರಿಗಳನ್ನು ಕಟ್ಟಿ, ಒಂದರಿಂದ ಇನ್ನೊಂದನ್ನು ಕಳೆದು, ಒಂದು ಮಳೆಗಾಲದಲ್ಲಿ ಎಷ್ಟು ಮಣ್ಣು ಕೊಚ್ಚಿಹೋಯಿತೆಂದು ಲೆಕ್ಕ ಹಾಕುವುದು ನನ್ನ ಉದ್ದೇಶ.

24 ಮೆಗಾಪಿಕ್ಸೆಲ್‌ನ ಸಾಮಾನ್ಯ ಡಿಎಸ್‌ಎಲ್‌ಆರ್ ಕ್ಯಾಮೆರಾದಿಂದ, ಎರಡೂ ದಡಗಳ ಮೇಲೆ ನಡೆಯುತ್ತ, ಕ್ಯಾಮೆರಾವನ್ನು ನೆಲಕ್ಕೆ ನೇರವಾಗಿ ಹಿಡಿದು, ಪ್ರತಿ ಸಲವೂ 200ಕ್ಕಿಂತ ಹೆಚ್ಚು ಫೋಟೋ ತೆಗೆದಿದ್ದೇನೆ. ಕೊರಕಲಿನ ಎರಡು ತುದಿಗಳಲ್ಲಿ ಎರಡೆರಡರಂತೆ ನಾಲ್ಕು ಕಬ್ಬಿಣದ ಸರಳುಗಳನ್ನು ಸಿಮೆಂಟಿನಲ್ಲಿ ಕೂರಿಸಿ, ಕೋನವನ್ನೂ ದೂರವನ್ನೂ ಅಳೆಯುವ ಸರ್ವೆ ಉಪಕರಣವಾದ ಟೋಟಲ್ ಸ್ಟೇಷನ್‌ನಿಂದ ಅಳೆದಿದ್ದೇನೆ. ಫೋಟೋಗಳಿಂದ ಮಾದರಿ ಕಟ್ಟಿದ್ದು ಮೆಟಾಶೇಪ್ ಎಂಬ ತಂತ್ರಾಂಶದಲ್ಲಿ, ಹೋಲಿಕೆ ಕ್ಲೌಡ್‌ಕಂಪೇರ್ ಎಂಬ ತಂತ್ರಾಂಶದಲ್ಲಿ. ವರದಿಯಲ್ಲಿ ಮರುಪ್ರಕ್ಷೇಪಣ ದೋಷ (ಮಾದರಿಯ ಬಿಂದುಗಳನ್ನು ಫೋಟೋಗಳ ಮೇಲೆ ಮತ್ತೆ ಬೀಳಿಸಿದಾಗ ಕಾಣುವ ತಪ್ಪು) 0.6 ಪಿಕ್ಸೆಲ್ ಎಂದು ಬಂದಿದೆ, ನಾಲ್ಕೂ ಸರಳುಗಳ ಬಳಿ ವ್ಯತ್ಯಾಸ ಒಂದು ಸೆಂಟಿಮೀಟರಿಗಿಂತ ಕಡಿಮೆ.

ಆದರೆ ನವೆಂಬರಿನ ಮಾದರಿಯಲ್ಲಿ ಕೊರಕಲಿನ ನಡುಭಾಗ 11 ಸೆಂಟಿಮೀಟರ್ ಮೇಲೆದ್ದಿದೆ. ಲೆಕ್ಕದ ಪ್ರಕಾರ ಕೊರಕಲು ಮಣ್ಣು ಕಳೆದುಕೊಳ್ಳುವ ಬದಲು ಸುಮಾರು 3 ಘನಮೀಟರ್ ಗಳಿಸಿದೆ. ನಡುವೆ ಇಳಿಜಾರು ಕಡಿಮೆ ಇರುವುದರಿಂದ ಮೇಲಿನಿಂದ ಬಂದ ಮಣ್ಣು ಅಲ್ಲಿ ತಂಗಿರಬಹುದೆಂದು ನನ್ನ ಮಾರ್ಗದರ್ಶಕರು ಹೇಳುತ್ತಾರೆ. ಸ್ಥಳದಲ್ಲಿ ನಿಂತು ನೋಡಿದರೆ ಹಾಗೆ ತಂಗಿದ ಲಕ್ಷಣ ನನಗೆ ಕಾಣಿಸಲಿಲ್ಲ. ಯಾವುದನ್ನು ನಂಬಬೇಕು?

ಹಳೆಯ ಸರಪಳಿ

ಕೊರಕಲಿನೊಳಗೆ ನೋಡುವ ಮುನ್ನ ದಡವನ್ನು ನೋಡಿ. ವ್ಯತ್ಯಾಸದ ನಕ್ಷೆಯಲ್ಲಿ ಕೊರಕಲಿನ ಅಂಚಿನಿಂದ ಎರಡು ಮೀಟರ್ ಆಚೆಗಿನ, ನೀರು ಮುಟ್ಟದ ನೆಲವೂ ನಡುವೆ ಎದ್ದು ತುದಿಗಳತ್ತ ಇಳಿದಿದೆಯೇ ಎಂದು ಪರೀಕ್ಷಿಸಿ. ಮಣ್ಣು ಹರಿಯುವುದು ಕೊರಕಲಿನೊಳಗೆ ಮಾತ್ರ. ದೋಷಕ್ಕೆ ಕೊರಕಲು ಯಾವುದು, ದಡ ಯಾವುದು ಎಂಬ ಭೇದವಿಲ್ಲ.

0.6 ಪಿಕ್ಸೆಲ್ ಎಂಬ ಅಂಕಿಗೆ ಸದ್ಯಕ್ಕೆ ಬೆಲೆ ಕೊಡಬೇಡಿ. ಫೋಟೋಗಳು ತಮ್ಮತಮ್ಮಲ್ಲಿ ಒಪ್ಪಿಕೊಂಡಿವೆ ಎಂದಷ್ಟೇ ಅದು ಹೇಳುತ್ತದೆ. ಎಲ್ಲ ಸಾಕ್ಷಿಗಳೂ ಸೇರಿ ಒಂದೇ ತಪ್ಪನ್ನು ಹೇಳಿದರೂ ಆ ಅಂಕಿ ಚೆನ್ನಾಗಿಯೇ ಬರುತ್ತದೆ. ನೀವು ಬಳಸಿದ ಲೆನ್ಸ್ ಯಾವುದು, ಫೋಕಸ್ ಹೇಗಿತ್ತು, ಸರಳುಗಳ ಅಳತೆಯನ್ನು ಕೊಟ್ಟ ಮೇಲೆ ಕ್ಯಾಮೆರಾ ಹೊಂದಾಣಿಕೆಯನ್ನು, ಅಂದರೆ ಪ್ರತಿ ಫೋಟೋ ತೆಗೆದ ಜಾಗವನ್ನೂ ಲೆನ್ಸಿನ ಗುಣವನ್ನೂ ತಂತ್ರಾಂಶ ಹುಡುಕುವ ಲೆಕ್ಕವನ್ನು, ಮತ್ತೊಮ್ಮೆ ಓಡಿಸಿದಿರೋ ಇಲ್ಲವೋ ಎಂಬುದನ್ನೂ ತಿಳಿಸಿ.

ಮುರಕಲ್ಲು

ಧನ್ಯವಾದಗಳು ಸರ್. ದಡವೂ ನಡುವೆ 7ರಿಂದ 12 ಸೆಂಟಿಮೀಟರ್ ಎದ್ದಿದೆ. ಆದರೆ ಮೇ ತಿಂಗಳಲ್ಲಿ ಸುಟ್ಟಂತಿದ್ದ ದಡದಲ್ಲಿ ಈಗ ಮೊಣಕಾಲಿನವರೆಗೆ ಹುಲ್ಲು ಬೆಳೆದಿರುವುದರಿಂದ ಅದು ಹುಲ್ಲಿನ ಎತ್ತರವೇ ಇರಬಹುದೆಂದು ಸುಮ್ಮನಾಗಿದ್ದೆ. ನೀವು ಬರೆದ ಮೇಲೆ ಮತ್ತೆ ಹುಡುಕಿದೆ. ಎಡದಡದಲ್ಲಿ, ತಲೆಭಾಗದಿಂದ (ಕೊರಕಲು ಶುರುವಾಗುವ ಮೇಲ್ತುದಿಯಿಂದ) 19 ಮೀಟರ್ ದೂರದಲ್ಲಿ, ಅರ್ಧ ಹೂತ ಮುರಕಲ್ಲಿನ ಬಂಡೆಯೊಂದಿದೆ. ಅದರ ನೆತ್ತಿಯ ಮೇಲೆ ಯಾರೋ ಎಂದೋ ಬಳಿದ ಸುಣ್ಣದ ಗುರುತು ಎರಡೂ ಸಲದ ಫೋಟೋಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆ ಗುರುತು 10.6 ಸೆಂಟಿಮೀಟರ್ ಮೇಲೆ ಬಂದಿದೆ. ಬಂಡೆಯ ಮೇಲೆ ಹುಲ್ಲಿಲ್ಲ.

ಲೆನ್ಸ್ 18–55 ಮಿಲಿಮೀಟರಿನ ಜೂಮ್. ಇಕ್ಕಟ್ಟಿದ್ದ ಕಡೆ 18ರಲ್ಲೂ ಉಳಿದ ಕಡೆ 24 ಅಥವಾ 35ರಲ್ಲೂ ತೆಗೆದಿದ್ದೇನೆ. ಫೋಕಸ್ ಕ್ಯಾಮೆರಾಗೇ ಬಿಟ್ಟಿದ್ದೆ. ಸರಳುಗಳ ನಿರ್ದೇಶಾಂಕಗಳನ್ನು ಕೊಟ್ಟು ಮಾದರಿಯನ್ನು ಕೂರಿಸಿದೆನೇ ಹೊರತು ಮತ್ತೆ ಹೊಂದಾಣಿಕೆ ಓಡಿಸಲಿಲ್ಲ.

ಪಿಕ್ಸೆಲ್

ಬಂಡೆಯೇ ಎದ್ದಿದ್ದರೆ ಮಣ್ಣಿನ ಮಾತು ಅಲ್ಲಿಗೆ ಮುಗಿಯಿತು. ಆದರೂ ಇನ್ನೊಂದು ಸಾಧ್ಯತೆಯನ್ನು ಮೊದಲೇ ತೆಗೆದುಹಾಕೋಣ. ಭೂಮಿಯ ಮೇಲಿನ ಜಾಗವನ್ನು ಮೀಟರುಗಳಲ್ಲಿ ಹೇಳುವ ಯುಟಿಎಂ ನಿರ್ದೇಶಾಂಕಗಳನ್ನು ನೀವು ಬಳಸಿದ್ದರೆ ಸಾಗರದ ಅಕ್ಷಾಂಶದಲ್ಲಿ ಉತ್ತರಾಂಕವು, ಅಂದರೆ ಸಮಭಾಜಕದಿಂದ ಉತ್ತರಕ್ಕಿರುವ ದೂರವು, 15 ಲಕ್ಷ ಮೀಟರ್ ದಾಟುತ್ತದೆ. 32 ಬಿಟ್‌ನ ದಶಮಾಂಶ ಸಂಖ್ಯೆಯಾಗಿ ಉಳಿಸಿದರೆ ಅಷ್ಟು ದೊಡ್ಡ ಅಂಕಿಯಲ್ಲಿ ಎರಡು ಪಕ್ಕದ ಬೆಲೆಗಳ ನಡುವೆ 12.5 ಸೆಂಟಿಮೀಟರ್ ಅಂತರವಿರುತ್ತದೆ, ಮಿಲಿಮೀಟರ್ ಅಳತೆಯ ಮೇಲ್ಮೈ ಮೆಟ್ಟಿಲುಮೆಟ್ಟಿಲಾಗಿ ಒಡೆಯುತ್ತದೆ. ಕಡತ ತೆರೆಯುವಾಗ ಕ್ಲೌಡ್‌ಕಂಪೇರ್ ಮೂಲಬಿಂದುವನ್ನು ಸರಿಸಲೇ ಎಂದು ಕೇಳುವುದು ಇದಕ್ಕಾಗಿಯೇ. ಅಲ್ಲಿ ಕಣ್ಣುಮುಚ್ಚಿ 'ಬೇಡ' ಎಂದು ಒತ್ತುವವರೇ ಹೆಚ್ಚು.

ಮುರಕಲ್ಲು

ಇಲ್ಲ, ಮೊದಲ ಸರಳನ್ನು 100, 100, 100 ಎಂದಿಟ್ಟುಕೊಂಡು ಸ್ಥಳೀಯ ನಿರ್ದೇಶಾಂಕಗಳನ್ನೇ ಬಳಸಿದ್ದೇನೆ. ಮೆಟ್ಟಿಲುಗಳೂ ಕಾಣುವುದಿಲ್ಲ, ಏರಿಳಿತ ನಯವಾಗಿದೆ.

ಹಳೆಯ ಸರಪಳಿ

ಹಾಗಿದ್ದರೆ ಇದು ಗುಮ್ಮಟ ದೋಷ. ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಕಾರಣ ತಿಳಿಯದೆ ಪರಿಹಾರವನ್ನಷ್ಟೇ ಪಾಲಿಸಿದವರು ಮುಂದಿನ ಜಾಗದಲ್ಲಿ ಮತ್ತೆ ಅದೇ ಹಳ್ಳಕ್ಕೆ ಬೀಳುವುದನ್ನು ಕಂಡಿದ್ದೇನೆ.

ಪ್ರತಿಯೊಂದು ಲೆನ್ಸೂ ಚಿತ್ರದ ಅಂಚಿನತ್ತ ನೇರ ಗೆರೆಗಳನ್ನು ತುಸು ಬಾಗಿಸುತ್ತದೆ. ಎಷ್ಟು ಬಾಗಿಸುತ್ತದೆ ಎಂಬುದನ್ನು ತಂತ್ರಾಂಶವು ನಿಮ್ಮ ಫೋಟೋಗಳಿಂದಲೇ ಲೆಕ್ಕ ಹಾಕಿ ತೆಗೆಯುತ್ತದೆ. ಎಲ್ಲ ಫೋಟೋಗಳೂ ಒಂದೇ ಎತ್ತರದಿಂದ, ಒಂದೇ ದಿಕ್ಕಿಗೆ, ಅಂದರೆ ನೇರ ಕೆಳಕ್ಕೆ ನೋಡುತ್ತಿದ್ದರೆ, 'ಲೆನ್ಸ್ ಇಷ್ಟು ಬಾಗಿಸುತ್ತದೆ, ನೆಲ ಸಮವಾಗಿದೆ' ಎಂಬ ಉತ್ತರಕ್ಕೂ 'ಲೆನ್ಸ್ ಅದಕ್ಕಿಂತ ಒಂದಿಷ್ಟು ಕಡಿಮೆ ಬಾಗಿಸುತ್ತದೆ, ನೆಲವೇ ಉಬ್ಬಿದೆ' ಎಂಬ ಉತ್ತರಕ್ಕೂ ಪಿಕ್ಸೆಲ್ ಲೆಕ್ಕದಲ್ಲಿ ಹೆಚ್ಚುಕಡಿಮೆ ಏನೂ ಇರುವುದಿಲ್ಲ. ತಂತ್ರಾಂಶ ಯಾವುದೋ ಒಂದನ್ನು ಆರಿಸಿಕೊಳ್ಳುತ್ತದೆ. ಪ್ರತಿ ಜೋಡಿ ಫೋಟೋದಲ್ಲಿ ಕೂದಲೆಳೆಯಷ್ಟು ಬಾಗಿದ್ದು 40 ಮೀಟರ್ ಉದ್ದಕ್ಕೆ ಕೂಡುತ್ತ ಹೋಗಿ, ಬಿಸಿಲಿಗೆ ಹಾಕಿದ ಹಪ್ಪಳದಂತೆ ಇಡೀ ಮಾದರಿ ಬಾಗುತ್ತದೆ. ನಿಮ್ಮ ಮೇ ಮಾದರಿ ಒಂದಿಷ್ಟು ತಗ್ಗಿ, ನವೆಂಬರಿನದು ಒಂದಿಷ್ಟು ಉಬ್ಬಿ, ಎರಡೂ ಸೇರಿ 11 ಆಗಿರಬಹುದು. ಜೂಮನ್ನೂ ಫೋಕಸನ್ನೂ ಬದಲಿಸುತ್ತ ಹೋದದ್ದರಿಂದ ಒಂದೇ ಕ್ಯಾಮೆರಾ ಹತ್ತಾರು ಬೇರೆ ಬೇರೆ ಕ್ಯಾಮೆರಾಗಳಾಗಿ ವರ್ತಿಸಿದೆ ಎಂಬುದೂ ಇದಕ್ಕೆ ಸೇರಿಕೊಂಡಿದೆ.

ಸಂಶೋಧಕರಾದ ಮೈಕ್ ಜೇಮ್ಸ್ ಮತ್ತು ಸ್ಟುವರ್ಟ್ ರಾಬ್ಸನ್ 2014ರಲ್ಲಿ ತೋರಿಸಿಕೊಟ್ಟ ಪರಿಹಾರ ಸರಳವಾದದ್ದು: ನೇರ ಕೆಳಕ್ಕೆ ನೋಡುವ ಫೋಟೋಗಳ ಜೊತೆಗೆ, ಒಂದೇ ನೆಲವನ್ನು ಎದುರುಬದುರು ದಿಕ್ಕುಗಳಿಂದ ಓರೆಯಾಗಿ ನೋಡುವ ಫೋಟೋಗಳನ್ನು ಸೇರಿಸಿದರೆ ಈ ದೋಷದ ಬಹುಪಾಲು ಇಳಿಯುತ್ತದೆ. ನಾನು 20ರಿಂದ 30 ಡಿಗ್ರಿ ಓರೆ ಇಡುತ್ತೇನೆ, ಎರಡು ಎತ್ತರಗಳಿಂದ ತೆಗೆಯುತ್ತೇನೆ, ಕೆಲವನ್ನು ಕ್ಯಾಮೆರಾವನ್ನು 90 ಡಿಗ್ರಿ ತಿರುಗಿಸಿಯೂ ತೆಗೆಯುತ್ತೇನೆ.

ಎರಡನೆಯ ತಪ್ಪು ಸರಳುಗಳದು. ನಾಲ್ಕೂ ತುದಿಗಳಲ್ಲಿವೆ, ನಡುವೆ ಒಂದೂ ಇಲ್ಲ. ಹೊಂದಾಣಿಕೆಯನ್ನು ಮತ್ತೆ ಓಡಿಸದೆ ಇದ್ದರೆ ಆ ಬಿಂದುಗಳು ಮಾದರಿಯನ್ನು ಹಿಗ್ಗಿಸಿ, ತಿರುಗಿಸಿ, ಜಾಗಕ್ಕೆ ಕೂರಿಸುತ್ತವೆಯೇ ಹೊರತು ಅದರ ಬಾಗನ್ನು ನೆಟ್ಟಗೆ ಮಾಡುವುದಿಲ್ಲ. ಬಾಗಿದ ಹಲಗೆಯ ಎರಡು ತುದಿಗೆ ಮೊಳೆ ಹೊಡೆದಂತೆ.

ಇನ್ನೊಂದು ಮಾತು. ನನ್ನ ಸರ್ವೆ ಕೆಲಸದ ಮೊದಲ ವರ್ಷಗಳಲ್ಲಿ ರಸ್ತೆಯಂಚಿನ ಕಡಿತವೊಂದರ ಉದ್ದಕ್ಕೂ ನಿಯಂತ್ರಣ ಬಿಂದುಗಳನ್ನೆಲ್ಲ (ನಿಮ್ಮ ಸರಳುಗಳಂತೆ, ಅಳೆದು ಮಾದರಿಗೆ ಕೊಡುವ ಗುರುತುಗಳನ್ನು) ಒಂದೇ ಸಾಲಿನಲ್ಲಿ ಇಟ್ಟಿದ್ದೆ. ಸಾಲು ಅಚ್ಚುಕಟ್ಟಾಗಿತ್ತು. ಆ ಸಾಲನ್ನೇ ಅಚ್ಚಾಗಿ ಮಾಡಿಕೊಂಡು ಇಡೀ ಮಾದರಿ ಬಾಗಿಲಿನಂತೆ ತಿರುಗಿತ್ತು, ಅದು ಗೊತ್ತಾದದ್ದು ವರದಿ ಕೊಟ್ಟ ಮೇಲೆ. ಬಿಂದುಗಳು ಉದ್ದಕ್ಕೂ, ಅಡ್ಡಕ್ಕೂ, ಎತ್ತರದಲ್ಲೂ ಹರಡಿರಬೇಕು. ಕೊರಕಲಿನ ತಳದಲ್ಲೂ ಎರಡು ಮೂರು ಇರಲಿ.

ಕಂಬಶಿಲೆ

ಕರಾವಳಿಯ ಕಾಲೇಜೊಂದರಲ್ಲಿ ಭೂವಿಜ್ಞಾನ ಕಲಿಸುತ್ತೇನೆ. ಮಲ್ಪೆ ಎದುರಿನ ಸೇಂಟ್ ಮೇರಿ ದ್ವೀಪದಂಥ ಕಡೆ ಕಂಬಶಿಲೆಗಳ ಮುಖಗಳನ್ನು ಫೋಟೋಗಳಿಂದ ಅಳೆಯುವುದನ್ನು ವಿದ್ಯಾರ್ಥಿಗಳಿಗೆ ಹೇಳಿಕೊಡುವಾಗ ಕ್ಯಾಮೆರಾ ಮುಟ್ಟುವ ಮುನ್ನ ಕಾಗದದ ಮೇಲೆ ಒಂದು ಲೆಕ್ಕ ಮಾಡಿಸುತ್ತೇನೆ. ನಿಮ್ಮ ಕೊರಕಲಿಗೆ ಅದನ್ನೇ ಹಾಕಿ ತೋರಿಸುತ್ತೇನೆ.

ನಿಮ್ಮ ಕ್ಯಾಮೆರಾದ ಸಂವೇದಕದ ಅಗಲ 23.5 ಮಿಲಿಮೀಟರ್, ಅದರಲ್ಲಿ 6000 ಪಿಕ್ಸೆಲ್, ಅಂದರೆ ಒಂದು ಪಿಕ್ಸೆಲ್ 3.9 ಮೈಕ್ರಾನ್. 24 ಮಿಲಿಮೀಟರಿನ ಲೆನ್ಸನ್ನು ನೆಲದಿಂದ 4 ಮೀಟರ್ ಎತ್ತರಕ್ಕೆ ಏರಿಸಿದರೆ ಒಂದು ಪಿಕ್ಸೆಲ್ ನೆಲದ ಮೇಲೆ 0.65 ಮಿಲಿಮೀಟರನ್ನು ಮುಚ್ಚುತ್ತದೆ, ಒಂದು ಫೋಟೋ ಸುಮಾರು 3.9 ಮೀಟರ್ ಅಗಲ, 2.6 ಮೀಟರ್ ಉದ್ದದ ನೆಲವನ್ನು ಹಿಡಿಯುತ್ತದೆ. ಶೇಕಡಾ 75ರಷ್ಟು ಒಂದರ ಮೇಲೊಂದು ಬರಬೇಕೆಂದರೆ ಪ್ರತಿ 65 ಸೆಂಟಿಮೀಟರಿಗೊಂದು ಫೋಟೋ, 40 ಮೀಟರಿಗೆ 62. ಮೂರು ಸಾಲಿಗೆ ಸುಮಾರು 190, ಓರೆ ಫೋಟೋಗಳು ಇನ್ನೊಂದು 80. ನೀವು ತೆಗೆದ ಸಂಖ್ಯೆಯೇನೂ ಕಡಿಮೆಯಿರಲಿಲ್ಲ ಎಂಬುದನ್ನು ಗಮನಿಸಿ.

ಆಳದ ದೋಷವನ್ನೂ ಅಂದಾಜಿಸಬಹುದು. ದೂರವನ್ನು ಎರಡು ಫೋಟೋಗಳ ನಡುವಿನ ಅಂತರದಿಂದ ಭಾಗಿಸಿ, ಅದನ್ನು ನೆಲದ ಮೇಲಿನ ಪಿಕ್ಸೆಲ್ ಅಳತೆಯಿಂದ ಗುಣಿಸಿ, ಹೊಂದಿಕೆಯಲ್ಲಿ ಅರ್ಧ ಪಿಕ್ಸೆಲ್ ತಪ್ಪಬಹುದೆಂದು ಹಿಡಿದರೆ, ಇಲ್ಲಿ ಅಕ್ಕಪಕ್ಕದ ಜೋಡಿಗೆ ಸುಮಾರು 2 ಮಿಲಿಮೀಟರ್ ಬರುತ್ತದೆ. ಬಿಡಿ ಬಿಂದುವಿನ ದೋಷ 2 ಮಿಲಿಮೀಟರ್, ಇಡೀ ಮಾದರಿಯ ಬಾಗು 110 ಮಿಲಿಮೀಟರ್! ಮೇಲ್ಮೈ ಎಷ್ಟು ನುಣುಪಾಗಿ, ಎಷ್ಟು ವಿವರವಾಗಿ ಕಾಣುತ್ತದೆ ಎಂಬುದನ್ನು ನೋಡಿ ಅಳತೆಯನ್ನು ನಂಬುವವರು ಮೋಸಹೋಗುವುದು ಈ ಅಂತರದಲ್ಲೇ.

ಲೆನ್ಸ್ ವಿಷಯಕ್ಕೆ ಬಂದರೆ, ಜೂಮ್ ಇಲ್ಲದ ಲೆನ್ಸ್ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಜೂಮ್ ಉಂಗುರವನ್ನು ಒಂದೇ ಅಳತೆಯಲ್ಲಿಟ್ಟು ಟೇಪು ಸುತ್ತಿಬಿಡಿ. ಫೋಕಸನ್ನು ಕೈಗೆ ತೆಗೆದುಕೊಂಡು, ಎಫ್/8ರಲ್ಲಿ ಸುಮಾರು 3.6 ಮೀಟರಿಗೆ ಇಟ್ಟರೆ 1.8 ಮೀಟರಿನಿಂದಾಚೆ ಎಲ್ಲವೂ ಸಾಕಷ್ಟು ಸ್ಪಷ್ಟವಾಗಿರುತ್ತದೆ. ಆ ಉಂಗುರಕ್ಕೂ ಟೇಪು. ಅಲುಗಾಟ ತಡೆಯುವ ಸೌಲಭ್ಯವನ್ನು ನಿಲ್ಲಿಸಿ, ಏಕೆಂದರೆ ಅದು ಲೆನ್ಸಿನೊಳಗಿನ ಗಾಜನ್ನೇ ಸರಿಸುತ್ತದೆ. ಷಟರ್ ವೇಗ 1/250 ಸೆಕೆಂಡಿಗಿಂತ ನಿಧಾನವಾಗದಿರಲಿ.

ಬೆಳಕಿನ ಬಗ್ಗೆ ಒಂದೇ ಮಾತು: ಮೋಡ ಮುಸುಕಿದ ದಿನವನ್ನು ಆರಿಸಿ. ಬಿಸಿಲಿನಲ್ಲಿ ಕೊರಕಲಿನ ಒಂದು ಗೋಡೆ ಕಪ್ಪಾಗಿ, ಇನ್ನೊಂದು ಸುಣ್ಣದಂತೆ ಬೆಳ್ಳಗಾಗಿ, ನೆರಳಿನ ಅಂಚು ಕೆಲಸ ಮುಗಿಯುವಷ್ಟರಲ್ಲಿ ಒಂದಡಿ ಸರಿದಿರುತ್ತದೆ.

ದೋಟಿ

ನಾನು ಅಡಿಕೆ ಬೆಳೆಗಾರ. ತೋಟದ ಮೇಲಿನ ಬೆಟ್ಟದಿಂದ ಪ್ರತಿ ವರ್ಷ ಕೊರೆದುಕೊಂಡು ಬರುವ ಕೊರಕಲನ್ನು ಅಳೆಯಲು ಮೂರು ವರ್ಷದಿಂದ ಇದೇ ವಿಧಾನ ಬಳಸುತ್ತಿದ್ದೇನೆ. 4 ಮೀಟರ್ ಎತ್ತರ ಹೇಗೆ ಎಂದು ಯೋಚಿಸಬೇಡಿ. ಈಗ ಅಡಿಕೆ ಕೊಯ್ಲಿಗೆಂದು ಬಂದಿರುವ ಕಾರ್ಬನ್ ಫೈಬರಿನ ಉದ್ದ ಕೋಲಿನ, ಅಂದರೆ ದೋಟಿಯ, ಕೆಳಗಿನ ಎರಡು ಮೂರು ತುಂಡುಗಳನ್ನಷ್ಟೇ ಜೋಡಿಸಿ, ತುದಿಗೆ ಟ್ರೈಪಾಡಿನ ತಲೆ ಕಟ್ಟಿ, ಕ್ಯಾಮೆರಾವನ್ನು ಎರಡು ಸೆಕೆಂಡಿಗೊಮ್ಮೆ ತಾನೇ ಕ್ಲಿಕ್ ಮಾಡುವಂತೆ ಇಟ್ಟರೆ ಆಯಿತು. ಎರಡನೆಯ ಸುತ್ತಿಗೆ ತಲೆಯನ್ನು ಓರೆ ಮಾಡಿಕೊಂಡು, ದಡದ ಇನ್ನೊಂದು ಬದಿಯಿಂದ ಹಿಂದಿರುಗಬೇಕು. ಮೇಲೆ ವಿದ್ಯುತ್ ತಂತಿ ಇದ್ದರೆ ಮಾತ್ರ ದೋಟಿ ಎತ್ತಲೇಬೇಡಿ, ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ.

ಗುರುತುಗಳ ಬಗ್ಗೆ ನನ್ನ ಅನುಭವ ಕೇಳಿ. ಮೊದಲ ವರ್ಷ ಹಳೆಯ ಫ್ಲೆಕ್ಸ್ ಕತ್ತರಿಸಿ, ಕಪ್ಪು ಬಿಳುಪು ಚೌಕ ಬಳಿದು, ಮೂಲೆಗಳಿಗೆ ಕಲ್ಲಿಟ್ಟಿದ್ದೆ. ಟೋಟಲ್ ಸ್ಟೇಷನ್ ತಂದವರು ಅಳೆದು ಮುಗಿಸಿ ಚಹಾಕ್ಕೆ ಹೋದರು, ಫೋಟೋ ತೆಗೆಯಲು ನಾನು ಬಂದಾಗ ನಮ್ಮದೇ ದನವೊಂದು ಐದನೆಯ ಗುರುತನ್ನು ಬಾಯಲ್ಲಿಟ್ಟುಕೊಂಡು ನಿಂತಿತ್ತು. ಈಗ ಒಡೆದ ನೆಲಹಾಸಿನ ಬಿಳಿ ಟೈಲ್ಸ್ ತುಂಡುಗಳ ಮೇಲೆ ಕಪ್ಪು ಬಣ್ಣದಿಂದ ಎದುರುಬದುರು ಎರಡು ತ್ರಿಕೋನ ಬರೆದು, ನಡುಬಿಂದುವನ್ನು ಅಳೆಯುತ್ತೇನೆ. ಹೊಳಪಿನ ಮುಖ ಕೆಳಗಿರಲಿ, ಒರಟು ಮುಖಕ್ಕೆ ಬಣ್ಣ ಬಳಿಯಿರಿ, ಇಲ್ಲದಿದ್ದರೆ ಆಕಾಶವೇ ಅದರಲ್ಲಿ ಹೊಳೆಯುತ್ತದೆ.

ಕೊರಕಲಿನ ತಳದಲ್ಲಿ ನೀರು ನಿಂತಿದ್ದರೆ ಆ ಭಾಗವನ್ನು ಲೆಕ್ಕದಿಂದ ತೆಗೆದುಬಿಡಿ. ನೀರು ತಿಳಿಯಾಗಿದ್ದು ತಳ ಕಂಡರೂ ಬೆಳಕು ಬಾಗುವುದರಿಂದ, ನೇರ ಮೇಲಿನಿಂದ ನೋಡಿದರೆ, ಆಳ ಮುಕ್ಕಾಲು ಮಾತ್ರ ಕಾಣುತ್ತದೆ.

ಹೊಸನೋಟ

ಇಷ್ಟೆಲ್ಲ ಕಷ್ಟ ಯಾಕೆ? ಲೇಸರ್ ಬೆಳಕಿನಿಂದ ದೂರ ಅಳೆಯುವ ಲೈಡಾರ್ ಇರುವ ಐಫೋನ್ ಹಿಡಿದು ನಡೆದರೆ ಹತ್ತು ನಿಮಿಷದ ಕೆಲಸವಲ್ಲವೇ? ಅಥವಾ ಉಪಗ್ರಹಗಳ ನೆರವಿನಿಂದ ತನ್ನ ಜಾಗವನ್ನು ನಿಖರವಾಗಿ ತಿಳಿಯುವ ಆರ್‌ಟಿಕೆ ಡ್ರೋನ್ ಹಾರಿಸಿದರೆ ನೆಲದ ಗುರುತುಗಳೇ ಬೇಕಾಗುವುದಿಲ್ಲ ಎಂದು ಕೇಳಿದ್ದೇನೆ.

ಕಂಬಶಿಲೆ

ಐಫೋನಿನ ಲೈಡಾರ್ ಸುಮಾರು 5 ಮೀಟರ್ ದೂರದವರೆಗೆ ಮಾತ್ರ ಕೆಲಸ ಮಾಡುತ್ತದೆ. ಒಂದು ಗುಂಡಿಯನ್ನೋ ಒಂದು ಬಂಡೆಯನ್ನೋ ಅಳೆಯಲು ಅದನ್ನು ನಾನೂ ಬಳಸುತ್ತೇನೆ, ಆದರೆ 40 ಮೀಟರ್ ನಡೆಯುವಷ್ಟರಲ್ಲಿ ಫೋನು ತನ್ನ ದಾರಿಯ ಲೆಕ್ಕವನ್ನು ಸ್ವಲ್ಪ ಸ್ವಲ್ಪವೇ ತಪ್ಪುತ್ತ ಹೋಗುತ್ತದೆ. ಅದೂ ಒಂದು ಬಾಗೇ. ಆರ್‌ಟಿಕೆ ಡ್ರೋನ್ ಕ್ಯಾಮೆರಾದ ಜಾಗವನ್ನು ಚೆನ್ನಾಗಿ ಹೇಳುತ್ತದೆ, ಲೆನ್ಸಿನ ಗುಣವನ್ನು ಹೇಳುವುದಿಲ್ಲ. ನಿಯಂತ್ರಣ ಬಿಂದುಗಳು ಕಡಿಮೆಯಾಗಬಹುದು, ಆದರೆ ಮಾದರಿಗೆ ಕೊಡದೆ ಅದನ್ನು ಪರೀಕ್ಷಿಸಲೆಂದೇ ಅಳೆದಿಟ್ಟುಕೊಳ್ಳುವ ಪರೀಕ್ಷಾ ಬಿಂದುಗಳು ಕಡಿಮೆಯಾಗಲಾರವು. ಮೇಲಾಗಿ ಡ್ರೋನಿನಿಂದ ಕೊರಕಲಿನ ಒಳಸವೆದ ಗೋಡೆಗಳು ಕಾಣುವುದಿಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಕುಸಿದಂಥ ಗುಡ್ಡವಾದರೆ ಬುಡಕ್ಕೆ ಹೋಗುವುದೇ ಅಪಾಯ, ಅಲ್ಲಿ ಡ್ರೋನೇ ಸರಿ.

ಪಿಕ್ಸೆಲ್

ಈಗ ಕೈಯಲ್ಲಿರುವುದನ್ನು ಉಳಿಸಿಕೊಳ್ಳುವ ದಾರಿ ಹೇಳುತ್ತೇನೆ. ಮೇ ತಿಂಗಳಿಗೆ ಹಿಂದಿರುಗಲಾಗದು, ಆದರೆ ಅಲುಗದ ಕಲ್ಲುಗಳು ಅಲ್ಲೇ ಇವೆ. ಟೋಟಲ್ ಸ್ಟೇಷನ್ ತೆಗೆದುಕೊಂಡು ಮತ್ತೆ ಹೋಗಿ, ಆ ಬಂಡೆಯ ಮೇಲೂ ದಡದಲ್ಲಿ ತೆರೆದುಕೊಂಡಿರುವ ಮುರಕಲ್ಲಿನ ಪದರದ ಮೇಲೂ, ಎರಡೂ ಸಲದ ಫೋಟೋಗಳಲ್ಲಿ ಗುರುತು ಹಿಡಿಯಬಲ್ಲ ಹನ್ನೆರಡು ಹದಿನೈದು ಜಾಗಗಳನ್ನು ಅಳೆದುಕೊಂಡು ಬನ್ನಿ. ಮುರಕಲ್ಲಿನ ತೂತುಗಳಷ್ಟು ಒಳ್ಳೆಯ ಗುರುತು ದುಡ್ಡು ಕೊಟ್ಟರೂ ಸಿಗದು. ಅವುಗಳಲ್ಲಿ ಅರ್ಧವನ್ನು ನಿಯಂತ್ರಣಕ್ಕೆ ಬಳಸಿ, ಉಳಿದರ್ಧವನ್ನು ಲೆಕ್ಕಕ್ಕೆ ಸೇರಿಸದೆ ಪರೀಕ್ಷೆಗಷ್ಟೇ ಇಟ್ಟುಕೊಳ್ಳಿ.

ಆಮೇಲೆ ಮೇ ಮತ್ತು ನವೆಂಬರಿನ ಫೋಟೋಗಳನ್ನೆಲ್ಲ ಒಂದೇ ರಾಶಿಯಾಗಿ ಹೊಂದಿಸಿ. ಬದಲಾಗದ ಕಲ್ಲುಗಳ ಮೇಲಿನ ಬಿಂದುಗಳು ಎರಡು ಕಾಲದ ಫೋಟೋಗಳನ್ನೂ ಒಂದಕ್ಕೊಂದು ಕಟ್ಟಿಹಾಕುತ್ತವೆ, ಆದ್ದರಿಂದ ಎರಡು ಮಾದರಿಗಳು ಬೇರೆ ಬೇರೆ ದಿಕ್ಕಿಗೆ ಬಾಗುವುದು ಕಷ್ಟವಾಗುತ್ತದೆ. 18, 24 ಮತ್ತು 35 ಮಿಲಿಮೀಟರಿನ ಫೋಟೋಗಳನ್ನು, ಮೇ ಮತ್ತು ನವೆಂಬರಿಗೆ ಪ್ರತ್ಯೇಕವಾಗಿ, ಬೇರೆ ಬೇರೆ ಕ್ಯಾಮೆರಾಗಳೆಂದೇ ವಿಂಗಡಿಸಿ. ಬಿಂದುಗಳಿಗೆ ನಿಮ್ಮ ಅಳತೆಯ ನಿಜವಾದ ನಿಖರತೆಯನ್ನು ಕೊಟ್ಟು ಹೊಂದಾಣಿಕೆಯನ್ನು ಮತ್ತೆ ಓಡಿಸಿ. ಅದಾದ ನಂತರವೇ ಎರಡು ಕಾಲದ ಫೋಟೋಗಳನ್ನು ಬೇರ್ಪಡಿಸಿ, ಪ್ರತಿಯೊಂದಕ್ಕೂ ದಟ್ಟ ಬಿಂದುಗಳ ಮಾದರಿಯನ್ನು ಕಟ್ಟಿಸಿ.

ಮುರಕಲ್ಲು

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಉಪಕರಣ ಮತ್ತೆ ಸಿಗಲು ಎರಡು ವಾರ ಕಾಯಬೇಕಾಯಿತು. ಒಟ್ಟು 14 ಜಾಗಗಳನ್ನು ಅಳೆದೆ. 6ನ್ನು ನಿಯಂತ್ರಣಕ್ಕೆ ಕೊಟ್ಟು 8ನ್ನು ಪರೀಕ್ಷೆಗಿಟ್ಟೆ. ಪರೀಕ್ಷಾ ಬಿಂದುಗಳಲ್ಲಿ ಎತ್ತರದ ವರ್ಗಮಾಧ್ಯಮೂಲ ದೋಷ (ತಪ್ಪುಗಳ ವರ್ಗಗಳ ಸರಾಸರಿಯ ವರ್ಗಮೂಲ) ಮೇ ಮಾದರಿಗೆ 15 ಮಿಲಿಮೀಟರ್, ನವೆಂಬರಿನದಕ್ಕೆ 12 ಮಿಲಿಮೀಟರ್ ಬಂದಿದೆ. ಸುಣ್ಣದ ಗುರುತಿನ ಬಂಡೆ 10.6 ಸೆಂಟಿಮೀಟರಿನಿಂದ 1.2ಕ್ಕೆ ಇಳಿದಿದೆ.

ನಡುವಿನ ಉಬ್ಬು ಮಾಯವಾಗಿದೆ. ಅದರ ಬದಲು ತಲೆಭಾಗ ಸುಮಾರು 40 ಸೆಂಟಿಮೀಟರ್ ಹಿಂದಕ್ಕೆ ಸರಿದಿರುವುದೂ ಬಲಗೋಡೆಯ ಎರಡು ಕಡೆ ಮಣ್ಣು ಜಗ್ಗಿ ಬಿದ್ದಿರುವುದೂ ಸ್ಪಷ್ಟವಾಗಿ ಕಾಣುತ್ತಿವೆ. ನಡುಭಾಗದ ತಳ 3 ಸೆಂಟಿಮೀಟರ್ ತಗ್ಗಿದೆ ಎಂದು ನಕ್ಷೆ ತೋರಿಸುತ್ತದೆ. ಇದನ್ನು ಸವಕಳಿ ಎಂದು ಬರೆಯಬಹುದೇ?

ಕಂಬಶಿಲೆ

ಬರೆಯಬಾರದು. ಎರಡು ದೋಷಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ 19 ಮಿಲಿಮೀಟರ್, ಶೇಕಡಾ 95ರ ಭರವಸೆಗೆ ಅದನ್ನು 1.96ರಿಂದ ಗುಣಿಸಿದರೆ 38 ಮಿಲಿಮೀಟರ್. ಅದಕ್ಕಿಂತ ಕಡಿಮೆಯ ವ್ಯತ್ಯಾಸ ನಿಮ್ಮ ಅಳತೆಗೆ ನಿಲುಕುವುದಿಲ್ಲ. ತಳ ನಿಜವಾಗಿಯೂ 3 ಸೆಂಟಿಮೀಟರ್ ತಗ್ಗಿರಬಹುದು, ತಗ್ಗದೆಯೂ ಇರಬಹುದು.

ಕಳೆಯುವ ವಿಧಾನವನ್ನೂ ಬದಲಿಸಿ. ಮೇಲಿನಿಂದ ನೋಡಿದ ಎತ್ತರದ ನಕ್ಷೆಗಳನ್ನು ಕಳೆದರೆ ಕಡಿದಾದ ಗೋಡೆಯಲ್ಲಿ ಅಡ್ಡಕ್ಕೆ ಎರಡು ಸೆಂಟಿಮೀಟರ್ ತಪ್ಪಿದ್ದು ಎತ್ತರದಲ್ಲಿ ಅರ್ಧ ಮೀಟರಾಗಿ ಕಾಣಬಹುದು, ಗೋಡೆಯ ಬುಡ ಒಳಸವೆದಿದ್ದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ಕ್ಲೌಡ್‌ಕಂಪೇರ್‌ನಲ್ಲಿರುವ ಎಂ3ಸಿ2 ಎಂಬ ವಿಧಾನ ಮೇಲ್ಮೈ ಯಾವ ಕಡೆ ಮುಖಮಾಡಿದೆಯೋ ಆ ಕಡೆಗೇ ಅಂತರವನ್ನು ಅಳೆಯುತ್ತದೆ. ನ್ಯೂಜಿಲೆಂಡಿನ ರಾಂಗಿಟಿಕೈ ಕಣಿವೆಯ ಕಡಿದಾದ ಗೋಡೆಗಳನ್ನು ಹೋಲಿಸುವ ಕೆಲಸದೊಂದಿಗೇ ದಿಮಿತ್ರಿ ಲಾಗ್ ಮತ್ತು ಸಂಗಡಿಗರು 2013ರಲ್ಲಿ ಇದನ್ನು ಪ್ರಕಟಿಸಿದ್ದು. ಹುಲ್ಲಿರುವ ಭಾಗವನ್ನು ಮಾತ್ರ ಮೊದಲೇ ಕತ್ತರಿಸಿ ತೆಗೆಯಬೇಕು, ಯಾವ ವಿಧಾನವೂ ಹುಲ್ಲಿನ ಕೆಳಗಿನ ನೆಲವನ್ನು ಕಾಣಲಾರದು.

ಮುರಕಲ್ಲು

ಹಾಗೆಯೇ ಮಾಡಿದೆ. 38 ಮಿಲಿಮೀಟರ್ ಮೀರಿದ ಬದಲಾವಣೆ ಇರುವುದು ಒಟ್ಟು 80 ಚದರ ಮೀಟರಿನಲ್ಲಿ 9 ಚದರ ಮೀಟರಿನಷ್ಟು ಕಡೆ ಮಾತ್ರ, ಅಲ್ಲಿ ಹೋದ ಮಣ್ಣು 2.7 ಘನಮೀಟರ್. ಇಷ್ಟನ್ನೇ ಬರೆದರೆ ಸಾಕೇ?

ಕಂಬಶಿಲೆ

ಅದನ್ನು ಬರೆಯಿರಿ, ಅದರ ಪಕ್ಕದಲ್ಲೇ ಇದನ್ನೂ ಬರೆಯಿರಿ: ಉಳಿದ 71 ಚದರ ಮೀಟರಿನಲ್ಲಿ, ಬಂಡೆ ತೋರಿಸುತ್ತಿರುವ 1.2 ಸೆಂಟಿಮೀಟರ್ ಎಲ್ಲ ಕಡೆ ಒಂದೇ ದಿಕ್ಕಿನ ತಪ್ಪಾಗಿದ್ದರೆ, ಸುಮಾರು 0.85 ಘನಮೀಟರ್ ಮಣ್ಣು ನಮ್ಮ ಕಣ್ಣಿಗೆ ಬೀಳದೆ ಹೋಗಿರಬಹುದು ಅಥವಾ ಬಂದಿರಬಹುದು. ಮಾರ್ಗದರ್ಶಕರು ಒಪ್ಪದಿದ್ದರೆ ಹಳೆಯ ನಕ್ಷೆಯಲ್ಲಿ ಎದ್ದು ನಿಂತ ಬಂಡೆಯನ್ನು ತೋರಿಸಿ.

ಹಳೆಯ ಸರಪಳಿ

ಮುಂದಿನ ಮೇ ತಿಂಗಳಿಗೆ ಮುನ್ನ ನಡುಭಾಗದ ಎರಡೂ ದಡಗಳಲ್ಲಿ, ಅಂಚಿನಿಂದ ಒಂದೂವರೆ ಮೀಟರ್ ಆಚೆ, 12 ಮಿಲಿಮೀಟರಿನ ಸರಳುಗಳನ್ನು ಎರಡಡಿ ಆಳಕ್ಕೆ ಹೊಡೆದು, ತಲೆ ನೆಲಮಟ್ಟಕ್ಕೆ ಬರುವಂತೆ ಸಿಮೆಂಟ್ ಹಾಕಿಬಿಡಿ. ಎದ್ದು ನಿಂತ ಸರಳನ್ನು ಗುಜರಿಗೆ ಕಿತ್ತುಕೊಂಡು ಹೋಗುತ್ತಾರೆ. ಮತ್ತೆ ಸಿಗಲೆಂದು ಪ್ರತಿ ಸರಳಿಗೂ ಆ ಸುಣ್ಣದ ಬಂಡೆಯಿಂದ ಮತ್ತು ಹತ್ತಿರದ ಒಂದು ಮರದಿಂದ ಟೇಪಿನ ಅಳತೆ ಬರೆದಿಟ್ಟುಕೊಳ್ಳಿ. ನವೆಂಬರಿನ ಹುಲ್ಲಿನಲ್ಲಿ ಅದಿಲ್ಲದೆ ಅರ್ಧ ದಿನ ಹುಡುಕಬೇಕಾಗುತ್ತದೆ.

ಮುರಕಲ್ಲು

ಆಗಲಿ ಸರ್. ಎಂಟು ಸರಳುಗಳನ್ನು ಕತ್ತರಿಸಿ ಇಟ್ಟಿದ್ದೇನೆ. ನಮ್ಮೂರಿನಲ್ಲಿ ಕೊಯ್ಲು ಮುಗಿದ ಮೇಲೆ ದೋಟಿಯೂ ಸಿಗುತ್ತದೆ.